ಬಿಳಿ ದಾರದ ಗುಂಡಿ

ಹೋದ ಮುಷ್ಕರದ ಬ್ಯಾನರಿಗೆ ನಮ್ಮ ಕಾರ್ಮಿಕ ಸಂಘ ಕೊಡಬೇಕಾದ ಕೂಲಿ ಇನ್ನೂ ಬಾಕಿಯಿದೆ, ನಮ್ಮ ಪೇಂಟರ್ ಒಮ್ಮೆಯೂ ಬಾಯಿಬಿಟ್ಟು ಕೇಳಿಲ್ಲ. ಅವನ ಮನೆ ನಡೆಯುವುದು ಹೆಂಡತಿಯ ಸಂಬಳದಲ್ಲಿ. ಅವಳು ಕಾಯುವುದು ನಾವು ಮುತ್ತಿಗೆ ಹಾಕುವ ಅದೇ ಕಾರ್ಖಾನೆಯ ಗೇಟು. ಹಿತ್ತಿಲ ಹಗ್ಗದ ಮೇಲೆ ನಮ್ಮ ಕೆಂಪು ಬ್ಯಾನರೂ ಅವಳ ಖಾಕಿ ಅಂಗಿಯೂ ಒಟ್ಟಿಗೆ ಒಣಗುತ್ತವೆ, ಬಣ್ಣ ಎಲ್ಲಿ ತೊಟ್ಟಿಕ್ಕೀತೋ ಅಂತ ಅವನು ನಡುವೆ ಕೈಯೊಡ್ಡಿ ನಿಂತಿರುತ್ತಾನೆ. ಎತ್ತಿದ ಮುಷ್ಟಿ ಬರೆದರೆ ಅವಳು ಒಳಗಿಂದಲೇ, "ರೀ, ಈ ಗುದ್ದು ಯಾರ ಮೂತಿಗೆ?" ಅಂತಾಳೆ, ಮುಷ್ಟಿ ಸಡಿಲವಾಗುತ್ತದೆ. ಅದನ್ನು ಕಂಡು ನಾವು, "ಏನಯ್ಯಾ, ಭಿಕ್ಷೆ ಬೇಡೋ ಕೈ ಬರೆದಿದ್ದೀಯಲ್ಲ!" ಅಂತ ಉಗಿಯುತ್ತೇವೆ, ಮತ್ತೆ ಬಿಗಿಯಾಗುತ್ತದೆ. ಹೀಗೆ ಎರಡೂ ಕಡೆ ಬೈಸಿಕೊಂಡು ಬರೆದ ಕೈಗಳಿಗೇ ಜೀವ ಬರುವುದು, ಅದೊಂದು ಸೋಜಿಗ. ಈ ಸಲ, ಬ್ಯಾನರಿನಲ್ಲಿ ಗೇಟು ಕಾಯುವವನಿಗೆ ಕೋರೆಹಲ್ಲು ಇಡು ಅಂದೆವು. ನಾಳೆ ಗೇಟಿನಲ್ಲಿ ಅವಳದೇ ಪಾಳಿ. ಬೆವರುತ್ತಲೇ ಬರೆದುಕೊಟ್ಟ. ಆದರೆ ಆ ರಾಕ್ಷಸನ ಖಾಕಿ ಅಂಗಿಯ ಎರಡನೇ ಗುಂಡಿಗೆ ಬಿಳಿ ದಾರ ಬರೆದಿದ್ದಾನೆ, ಹೆಂಡತಿಯ ಅಂಗಿಯ ಗುಂಡಿ ಕಿತ್ತುಹೋದಾಗ ಅವನೇ ಹೊಲಿದುಕೊಟ್ಟಂಥದೇ ದಾರ. ನಾಳೆ ಮೆರವಣಿಗೆಗೆ ಬರುವವರೇ, ಕಲ್ಲು ಕೈಗೆತ್ತಿಕೊಳ್ಳುವ ಮೊದಲು ಗೇಟಿನಲ್ಲಿ ಆ ಗುಂಡಿ ಎಲ್ಲಿದೆ ಅಂತ ಹುಡುಕಿ.