ಮೂಕಿ ಚಿತ್ರಕ್ಕೆ ಮಾತು ಕೊಡುತ್ತಿದ್ದ ಅಂಕಲ್

ಅಂಕಲ್ ಅವರ ಎಡಗೆನ್ನೆ ಸದಾ ಒಂದಿಷ್ಟು ಉಬ್ಬಿರುತ್ತಿತ್ತು. ಒಳಗೆ ಕಲ್ಲುಸಕ್ಕರೆಯ ತುಂಡು. ಗಂಟಲು ಕೈಕೊಡಬಾರದಲ್ಲ, ಅದಕ್ಕೆ. ಮಂಗಳೂರಿನವರು, ಕುವೈತಿನಲ್ಲಿ ದುಡಿದು ಈಗ ಮಗನ ಜೊತೆಗಿರಲು ಆಸ್ಟ್ರೇಲಿಯಾದ ಪರ್ತ್‌ಗೆ ಬಂದವರು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಜೂಂಡಲಪ್ ಬಡಾವಣೆಯ ಬಾಡಿಗೆ ಹಾಲ್‌ನಲ್ಲಿ ಇಲ್ಲಿನ ಕನ್ನಡದವರ ಮಕ್ಕಳಿಗೆಲ್ಲ ಮೂಕಿ ಚಿತ್ರ ತೋರಿಸುತ್ತಿದ್ದರು. ಎಲ್ಲವೂ ಅಮೆರಿಕದ ಹಳೆಯ ಸಣ್ಣಕಥೆಗಳನ್ನು ಆಧರಿಸಿದವು. ಮೂಲ ಕಥೆಗಳನ್ನು ಅಂಕಲ್ ಅರೆದು ಕುಡಿದಿದ್ದರು. ಪರದೆಯ ಪಕ್ಕ ನಿಂತು ಎಲ್ಲ ಪಾತ್ರಗಳ ಮಾತನ್ನೂ ಕನ್ನಡದಲ್ಲಿ ತಾವೇ ಆಡುತ್ತಿದ್ದರು. ನಾಯಕ ಎದೆ ಬಡಿದುಕೊಂಡು ಅತ್ತರೆ, "ಇದು ಸಿನಿಮಾದವರ ಕಿತಾಪತಿ ಮಕ್ಕಳೇ. ಕಥೆಯಲ್ಲಿ ಇವ ಅಳುವುದಿಲ್ಲ, ಬಾಗಿಲ ಹೊರಗೆ ಶೂ ಒರೆಸ್ತಾ ನಿಲ್ತಾನೆ ಅಷ್ಟೆ" ಎನ್ನುತ್ತಿದ್ದರು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅಲ್ಲಿ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದಳು.

ಪ್ರೊಜೆಕ್ಟರ್ ನನ್ನ ಜವಾಬ್ದಾರಿ. ಸಾಫ್ಟ್‌ವೇರ್‌ನವನ ಕೈ ಸುಮ್ಮನಿರಬೇಕಲ್ಲ. ಮೂರು ವಾರ ಕೂತು, ಒಂದು ಚಿತ್ರದ ಪ್ರತಿ ಮಾತೂ ಪರದೆಯ ಕೆಳಗೆ ಕನ್ನಡ ಅಕ್ಷರಗಳಲ್ಲಿ ಮೂಡುವಂತೆ ಮಾಡಿದೆ. ಪಿಟೀಲು ಸಂಗೀತ ಬೇರೆ. ಎಲ್ಲರ ಎದುರೇ, "ಈ ಸಲ ನೀವು ಆರಾಮಾಗಿ ಕೂತ್ಕೊಂಡು ನೋಡಿ ಅಂಕಲ್, ಏನೂ ಹೇಳೋದು ಬೇಡ" ಅಂದೆ. ಅವರು ಹೋಗಿ ಮೊದಲ ಸಾಲಿನಲ್ಲಿ ಕೂತರು.

ಐದೇ ನಿಮಿಷಕ್ಕೆ ಮಗಳು, "ಅಪ್ಪಾ, ವಾಟ್ ಡಸ್ ಇಟ್ ಸೇ?" ಎಂದು ಕೇಳಿದಳು. ಆಗ ನನಗೆ ಹೊಳೆಯಿತು. ನಮ್ಮ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಒಂದಕ್ಷರ ಬಾರದು. ಅಂಕಲ್ ನನ್ನತ್ತ ತಿರುಗಿ, "ನಾನು ಸ್ವಲ್ಪ ಹೇಳ್ಲಾ ಮಾರಾಯ?" ಎಂದು ಮೆಲ್ಲಗೆ ಕೇಳಿದರು. ಆಗಲೇ ಅವರನ್ನು ಎಬ್ಬಿಸಿ ಪರದೆಯ ಪಕ್ಕ ನಿಲ್ಲಿಸಬೇಕಿತ್ತು. ಆದರೆ ನನ್ನ ಮೂರು ವಾರದ ಕೆಲಸ ದಂಡವಾಯಿತೆಂದು ಎಲ್ಲರ ಮುಂದೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. "ಬೇಡ ಅಂಕಲ್, ನೋಡ್ತಾ ನೋಡ್ತಾ ಅವಕ್ಕೇ ಗೊತ್ತಾಗತ್ತೆ" ಅಂದುಬಿಟ್ಟೆ.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೊರಗೆ ಆಡಲು ಹೋದರು. ಅಂಕಲ್ ಮಾತ್ರ ಕೊನೆಯವರೆಗೂ ಕೂತು ನೋಡಿದರು. ಹೋಗುವಾಗ, "ಅಕ್ಷರ ಚಂದ ಬಂದಿದೆ" ಎಂದು ಹೆಗಲು ತಟ್ಟಿದರು. ಅದರ ಬದಲು ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ತಿಂಗಳು ಅವರು ಬರಲಿಲ್ಲ. ಫೋನ್ ಮಾಡಲು ನಾಚಿಕೆಯಾಗಿ ನಾಳೆ ನಾಳೆ ಎಂದು ದಿನ ತಳ್ಳಿದೆ. ಅಷ್ಟರಲ್ಲಿ ಅಂಕಲ್ ಅಡಿಲೇಡ್‌ನಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ತಿಳಿಸಿದ ಅವರ ಮಗ, "ಪಪ್ಪ ನಿಮ್ಮ ಫೋನಿಗೆ ಕಾಯ್ತಾ ಇದ್ದರು. ಮುಂದಿನ ಕಥೆ ರೆಡಿ ಉಂಟು, ಕರೆದರೆ ಪ್ಲೇನ್ ಹತ್ತುವುದೇ ಅಂತ ಹೇಳ್ತಿದ್ದರು" ಎಂದರು.

ಆ ಅಜ್ಜ ಕಥೆ ಹೇಳುವುದನ್ನು ಯಾಕೆ ನಿಲ್ಲಿಸಿದರು ಎಂದು ಮಗಳು ಈಗಲೂ ಕೇಳುತ್ತಾಳೆ. ಅವರಿಗೆ ಹುಷಾರಿರಲಿಲ್ಲ ಎಂದು ಸುಳ್ಳು ಹೇಳಿದ್ದೇನೆ.