ನಾಲ್ಕನೇ ಪೈಪಿನ ಗೀರು

ಪೆಟ್ರೋಲ್ ಬಂಕಿನವರಿಗೆ ಅವನ ನಿಜವಾದ ಹೆಸರು ಗೊತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಟೇಪು ಹಿಡಿದು ಬರುವವನಾದ್ದರಿಂದ ಟೇಪಣ್ಣ ಎನ್ನುತ್ತಿದ್ದರು. ಮನೆಯಲ್ಲೂ ಅದೇ ನಿಂತುಹೋಗಿತ್ತು. "ಲೋಟದಲ್ಲಿ ನೀರು ಎಷ್ಟಿದೆ ಅಂತ ಅಳೆದೇ ಕುಡಿಯೋದು ನಮ್ಮನೆಯವರು," ಎಂದು ಹೆಂಡತಿ ಬಂದವರ ಮುಂದೆ ಆಡಿಕೊಳ್ಳುತ್ತಿದ್ದಳು. ಅವನು ಸಿಟ್ಟಾಗುತ್ತಿರಲಿಲ್ಲ. ಲೋಟ ಪೂರ್ತಿ ತುಂಬಿಲ್ಲ ಎಂದಷ್ಟೇ ಹೇಳುತ್ತಿದ್ದ.

ಆ ಬಂಕಿನ ನೆಲದಡಿಯ ಟ್ಯಾಂಕು ತುಕ್ಕು ಹಿಡಿದು, ಯಾರ ಗಮನಕ್ಕೂ ಬಾರದೆ ಪೆಟ್ರೋಲು ಮಣ್ಣಿಗೆ ಇಳಿದಿತ್ತು. ಟ್ಯಾಂಕನ್ನೇನೋ ಕಿತ್ತು ಹೊಸದು ಹೂತರು. ಇಳಿದದ್ದು ಅಂತರ್ಜಲದ ಜೊತೆ ಯಾವ ಕಡೆ ಹೋಗುತ್ತಿದೆ ಎಂದು ನೋಡಲು ಅಂಗಳದ ಐದು ಕಡೆ ಕೊರೆದು ಪೈಪು ಇಳಿಸಿದರು. ಆ ಐದರ ಮುಚ್ಚಳ ತೆಗೆದು ಟೇಪು ಬಿಡುವುದು ಟೇಪಣ್ಣನ ಕೆಲಸ. ತುದಿಯ ಗುಂಡು ನೀರು ಮುಟ್ಟಿದರೆ ಟೇಪು ಗುಂಯ್ ಎನ್ನುತ್ತದೆ. ಆಗ ಪೈಪಿನ ಬಾಯಂಚಿನಲ್ಲಿ ಅರದಿಂದ ಎಳೆದ ಗೀರಿನ ನೇರಕ್ಕೆ ಎಷ್ಟು ಬಂದಿದೆ ಎಂದು ಓದಬೇಕು. ಐದೂ ಅಳತೆ ಸೇರಿಸಿ ನೋಡಿದರೆ ನೆಲದೊಳಗಿನ ನೀರಿಗೆ ಯಾವ ಕಡೆ ಇಳಿಜಾರು ಎಂದು ತಿಳಿಯುತ್ತದೆ. ಆಮೇಲೆ ಸಣ್ಣ ಬಾಟಲಿಗಳಿಗೆ ಗಾಳಿಗುಳ್ಳೆ ಒಂದೂ ಉಳಿಯದ ಹಾಗೆ ಆ ನೀರು ತುಂಬಿ, ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕು.

ಬಂಕಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಬಟ್ಟೆ ಒಗೆಯುವ ಅಕ್ಕನ ಮನೆ. ವಸತಿಗೃಹದ ಹೊದಿಕೆಗಳನ್ನು ತನ್ನ ಬಾವಿಯ ನೀರಿನಲ್ಲಿ ಒಗೆದು ಕೊಟ್ಟು ಅವಳ ಜೀವನ ಸಾಗುತ್ತಿತ್ತು. ಕುಡಿಯುವುದೂ ಅದೇ ನೀರು. ಮೊದಲ ವರ್ಷ ಇಳಿಜಾರು ಅವಳ ಗೋಡೆಯ ಕಡೆಗೇ ಇತ್ತು, ಆದರೆ ಗೋಡೆಯ ಬುಡದ ನಾಲ್ಕನೇ ಪೈಪಿನವರೆಗೆ ಪೆಟ್ರೋಲು ಬಂದಿರಲಿಲ್ಲ. ಎರಡನೇ ವರ್ಷ ಇಳಿಜಾರು ರಸ್ತೆಯ ಕಡೆ ತಿರುಗಿತು. ಮಳೆ ಚೆನ್ನಾಗಿ ಬಿದ್ದಿದೆ, ಅದಕ್ಕೇ ಎಂದುಕೊಂಡರು ಟೇಪಣ್ಣನ ಕಚೇರಿಯವರು. ನೀರು ಅತ್ತ ಹೋಗುವುದೇ ಇಲ್ಲವೆಂದ ಮೇಲೆ ನಾಲ್ಕನೇದರ ಬಾಟಲಿ ಯಾಕೆ, ಆಳ ಬರೆದುಕೊಂಡರೆ ಸಾಕು ಎಂದು ಅದನ್ನು ನಿಲ್ಲಿಸಿದರು.

ಒಂದು ಬೆಳಗ್ಗೆ ಅಕ್ಕ ಗೋಡೆಯ ಮೇಲಿಂದ ಒಂದು ಹೊದಿಕೆ ಇಳಿಬಿಟ್ಟಳು.

"ಮೂಸಿ ನೋಡು ತಮ್ಮ."

"ಬಂಕಿನ ಪಕ್ಕ ಒಣಹಾಕಿದ್ರೆ ಮಲ್ಲಿಗೆ ವಾಸನೆ ಬರುತ್ತಾ ಅಕ್ಕ?"

"ಇದು ಒಣಗಿದ್ದು ನನ್ನ ಮಗಳ ಮನೆ ಮಹಡಿ ಮೇಲೆ. ಮೂರು ಬೀದಿ ಆಚೆ. ನಿನ್ನ ಟೇಪಿಗೆ ಮೂಗಿದ್ರೆ ಕೇಳು."

"ಪೇಪರಿನಲ್ಲಿ ನೀರು ರಸ್ತೆ ಕಡೆ ಹೋಗ್ತಿದೆಯಲ್ಲ."

"ಪೇಪರನ್ನ ನಾನು ಒಗೆಯಲ್ಲ. ವಸತಿಗೃಹದವರು ಇನ್ನೊಂದ್ಸಲ ಹೀಗಾದ್ರೆ ಬಟ್ಟೆ ಕೊಡಲ್ಲ ಅಂದಿದ್ದಾರೆ."

ಟೇಪಣ್ಣ ನಾಲ್ಕನೇ ಪೈಪಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸುತ್ತ ಹೊಸ ಸಿಮೆಂಟು ಇತ್ತು. ಹಿಂದಿನ ವರ್ಷ ಲಾರಿ ಹತ್ತಿ ಮುಚ್ಚಳ ಒಡೆದಿತ್ತೆಂದು ಅವನಿಗೆ ಗೊತ್ತಿತ್ತು. ಅಷ್ಟೇ ಗೊತ್ತಿತ್ತು. ದುರಸ್ತಿ ಮಾಡಿದ ಮೇಸ್ತ್ರಿಗೆ ಫೋನು ಮಾಡಿದ.

"ಬಾಯಿ ಸೀಳಿತ್ತು, ಕೊಯ್ದು ಸಮ ಮಾಡ್ದೆ," ಎಂದ ಮೇಸ್ತ್ರಿ.

"ಎಷ್ಟು ಕೊಯ್ದ್ರಿ?"

"ನಾಲ್ಕು ಬೆರಳು. ನಿಮ್ಮ ಗೀರು ಒಂದಿತ್ತಲ್ಲ, ಅದನ್ನೂ ಇದ್ದ ಹಾಗೇ ಅರ ಹಾಕಿ ಎಳೆದುಕೊಟ್ಟೆ. ಅರ್ಧಂಬರ್ಧ ಕೆಲಸ ನನ್ನ ಕೈಲಾಗಲ್ಲ."

ಪೈಪು ನಾಲ್ಕು ಬೆರಳು ಗಿಡ್ಡವಾದರೆ ಟೇಪು ನಾಲ್ಕು ಬೆರಳು ಕಡಿಮೆ ಇಳಿಯುತ್ತದೆ. ಪೇಪರಿನಲ್ಲಿ ಪೈಪಿನ ಹಳೆಯ ಎತ್ತರವೇ ಇರುವುದರಿಂದ ಗೋಡೆಯ ಬುಡದ ನೀರು ನಾಲ್ಕು ಬೆರಳು ಮೇಲೆ ನಿಂತು, ಇಳಿಜಾರು ರಸ್ತೆಯ ಕಡೆ ತಿರುಗಿದಂತೆ ಕಾಣುತ್ತದೆ. ಗೀರು ನೋಡಿ ನಂಬಿ ಅವನು ಐದು ಸಲ ಹಾಗೆ ಬರೆದಿದ್ದ. ನಾಲ್ಕು ಬೆರಳು ಸರಿಪಡಿಸಿ ನೋಡಿದ. ಐದು ಸಲವೂ ಇಳಿಜಾರು ಅಕ್ಕನ ಗೋಡೆಯ ಕಡೆಗೇ ಇತ್ತು. ವರ್ಷಕ್ಕೊಮ್ಮೆ ಟೇಪನ್ನು ತಳ ಮುಟ್ಟಿಸಿ ಪೈಪಿನ ಪೂರ್ತಿ ಉದ್ದ ನೋಡಬೇಕೆಂಬ ನಿಯಮವಿತ್ತು. ಅವನು ನೋಡಿರಲಿಲ್ಲ.

ಆ ಪೈಪಿನಿಂದಲೂ ಬಾವಿಯಿಂದಲೂ ಬಾಟಲಿ ತುಂಬಿಕೊಂಡ.

"ರಿಪೋರ್ಟು ಬರೋವರೆಗೂ ಈ ನೀರು ಕುಡೀಬೇಡಿ ಅಕ್ಕ."

"ಬಟ್ಟೆಗೆ?"

"ಬಟ್ಟೆಗೂ ಬೇಡ."

"ಹೊಟ್ಟೆಗೆ ನಿನ್ನ ಟೇಪು ತಿನ್ನಲಾ?"

ಅವನು ಡಬ್ಬದ ಮುಚ್ಚಳ ಹಾಕಿ ಎದ್ದ.

ಪೈಪಿನ ಎತ್ತರದಲ್ಲಿ ವ್ಯತ್ಯಾಸ ಬಂದಿದೆ ಎಂದು ಬರೆದರೆ ಸಾಕು ಎಂದರು ಮೇಲಿನವರು. ಐದು ಸಲ ನಾನು ತಪ್ಪು ಬರೆದಿದ್ದೇನೆ ಎಂದು ಟೇಪಣ್ಣ ಬರೆದು ಸಹಿ ಹಾಕಿದ. ಹತ್ತನೇ ದಿನ ರಿಪೋರ್ಟು ಬಂತು. ಪೈಪಿನಲ್ಲೂ ಪೆಟ್ರೋಲು, ಬಾವಿಯಲ್ಲೂ ಪೆಟ್ರೋಲು. ಬಾವಿಗೆ ಹಲಗೆ ಹೊಡೆಸಿ, ಅಕ್ಕನಿಗೆ ದಿನವೂ ಬಂಕಿನವರೇ ಟ್ಯಾಂಕರ್ ನೀರು ಕೊಡಬೇಕೆಂದು ಆಯಿತು. ಟೇಪಣ್ಣನನ್ನು ಆ ಬಂಕಿನಿಂದ ತೆಗೆದು ಬೇರೆಯವನನ್ನು ಕಳಿಸಿದರು.

ಹೊಸಬ ಬಾವಿ ಅಳೆಯಲು ಹೋದರೆ ಅಕ್ಕ ಗೇಟಿಗೆ ಅಡ್ಡ ನಿಂತಳು.

"ತಪ್ಪು ಮಾಡಿದೋನನ್ನೇ ಕಳಿಸಿ. ಅವನು ಇನ್ನು ನಿದ್ದೆಯಲ್ಲೂ ತಳ ಮುಟ್ಟಿ ನೋಡ್ತಾನೆ. ನೀನು ಇನ್ನೂ ತಪ್ಪು ಮಾಡಬೇಕಾಗಿದೆ."

ಎರಡು ಸಲ ಹೀಗೇ ಆಯಿತು. ಮೂರನೇ ಸಲ ಕಚೇರಿಯವರು ಟೇಪಣ್ಣನನ್ನೇ ಕಳಿಸಿದರು. ಅಕ್ಕ ಗೇಟು ತೆಗೆದಳು, ಬಾ ಎನ್ನಲಿಲ್ಲ. ಅವನು ಒಂದು ಹಲಗೆ ಸರಿಸಿ ಬಾವಿಗೆ ಟೇಪು ಬಿಟ್ಟು ತಳ ಮುಟ್ಟಿಸಿದ, ಅಂಕಿಯನ್ನು ಅವಳಿಗೆ ಕೇಳುವಂತೆ ಗಟ್ಟಿಯಾಗಿ ಓದಿದ, ನೀರಿನ ಆಳವನ್ನೂ ಓದಿದ. ಬಾಟಲಿ ತುಂಬುವಾಗ ಅವಳೇ ಹಗ್ಗ ಹಿಡಿದಳು. ಆ ಸಲದ ನೀರಿನಲ್ಲಿ ಪೆಟ್ರೋಲು ಮೊದಲಿಗಿಂತ ಸ್ವಲ್ಪ ಕಡಿಮೆ ಇತ್ತು. ಹಲಗೆ ತೆಗೆಯುವಷ್ಟು ಕಡಿಮೆಯಾಗಿರಲಿಲ್ಲ.