ಅತ್ತೆಯ ಅಂಗಾಲಿನ ಕಲೆ

ಲೊಕ್ಕನಹಳ್ಳಿಯ ಜಗಲಿಯಲ್ಲಿ ಎಳೆಬಿಸಿಲು ಮಂಪರು ತರಿಸುತ್ತಿತ್ತು. ಕಾಡಂಚಿನ ದನಗಳ ಗಂಟೆ ಕನಸಿನೊಳಗಿಂದ ಬಂದಂತೆ ಕೇಳುತ್ತಿತ್ತು. ಸೋದರತ್ತೆ ಹಿಮ್ಮಡಿಗೆ ಎಕ್ಕದ ಹಾಲು ಹಚ್ಚುತ್ತಿದ್ದಳು. ಮುಳ್ಳು ಚುಚ್ಚಿದರೆ ನಮ್ಮಲ್ಲಿ ಎಲ್ಲರೂ ಹಚ್ಚುವುದು ಅದನ್ನೇ. ಅಲ್ಲೊಂದು ಕಪ್ಪು ಕಲೆ, ಮೋಡದ ನೆರಳಿನಂತೆ ಅಂಚು ಕದಡಿಕೊಂಡು ಹರಡಿತ್ತು.

"ಯಾವಾಗ ಚುಚ್ಚಿದ್ದು?" ಎಂದು ಕೇಳಿದೆ.

"ಓದ ಸುಗ್ಗೀಲಿ ಕಣ್ಲಾ."

"ಮುಳ್ಳಿನ ಕಲೆ ಆಗಿದ್ರೆ ಇಷ್ಟೊತ್ತಿಗೆ ಮಾಸಬೇಕಿತ್ತು. ಇದು ಬೆಳೀತಾ ಇದೆ. ಕೊಳ್ಳೇಗಾಲದ ಡಾಕ್ಟರಿಗೆ ತೋರಿಸೋಣ, ಕ್ಯಾನ್ಸರ್ ಇದ್ರೂ ಇರಬಹುದು."

ಅತ್ತೆ ನಕ್ಕಳು. "ಚರ್ಮದ ಕ್ಯಾನ್ಸರು ಬಿಳೀ ದೊರೆಗಳ ಕಾಯ್ಲೆ, ನಮಗೆ ಬರಾಕಿಲ್ಲ ಅಂತ ಓದ್ಸಲ ಇಲ್ಲೇ ಕುಂತ್ಕಂಡು ವಾದ ಮಾಡಿ ಗೆದ್ದೋನು ನೀನೇ ಅಲ್ವ?"

ಗೆದ್ದಿದ್ದೆ, ನಿಜ. ನಮ್ಮಂಥ ಕಪ್ಪು ಮೈಯವರಿಗೂ ಅದು ಬರುತ್ತದೆ, ಅಂಗಾಲು, ಅಂಗೈ, ಉಗುರಿನಡಿಯಲ್ಲೂ ಬರುತ್ತದೆ ಎಂದು ಆಮೇಲೆ ಓದಿದೆ. ಓದಿಯೂ ಸುಮ್ಮನಿದ್ದೆ, ಗೆದ್ದ ವಾದವನ್ನು ಯಾರು ಬಿಟ್ಟುಕೊಡುತ್ತಾರೆ?

"ಅವತ್ತು ತಪ್ಪು ಹೇಳಿದ್ದೆ, ಅತ್ತೆ."

ನಾನು ಸೋಲೊಪ್ಪಿದ್ದನ್ನು ಅವಳು ಕಂಡದ್ದು ಅದೇ ಮೊದಲು. ಸೆರಗಿನಿಂದ ಹಿಮ್ಮಡಿ ಒರೆಸಿಕೊಂಡು, "ಕೊಳ್ಳೇಗಾಲದ ಬಸ್ಸು ಎಷ್ಟೊತ್ತಿಗೆ?" ಎಂದಳು.